ಊರಿಗೆ ಲ್ಯಾಪ್‌ಟಾಪ್ ಹೊತ್ತು ಹೊರಡುವವರಿಗೆ: ಕೆಲಸದಲ್ಲೂ ಪ್ರಯಾಣದಲ್ಲೂ ಮೈ ನೋಯದಂತೆ ಕೂರುವ ಬಗೆ

ಬೆಂಗಳೂರಿನಲ್ಲಿ ನೌಕರಿ, ಆಗಾಗ ಹುಬ್ಬಳ್ಳಿ, ಶಿರಸಿ, ಪುತ್ತೂರು ಅಥವಾ ಕಲಬುರಗಿಯ ಕಡೆಗೆ ರಾತ್ರಿ ಪ್ರಯಾಣ, ಅಲ್ಲಿ ಒಂದಷ್ಟು ದಿನ ಅಪ್ಪ ಅಮ್ಮನ ಜೊತೆಗಿದ್ದುಕೊಂಡೇ ಕಚೇರಿಯ ಕೆಲಸ ಎಂಬ ಕ್ರಮ 2020ರ ನಂತರ ಬಹಳ ಮನೆಗಳಲ್ಲಿ ರೂಢಿಗೆ ಬಂದಿದೆ. ಕಚೇರಿಯಲ್ಲಾದರೆ ಕುರ್ಚಿ, ಮೇಜು, ಬೆಳಕನ್ನು ಯಾರೋ ಯೋಚಿಸಿ ಹೊಂದಿಸಿರುತ್ತಾರೆ. ಊರಿನ ಪಡಸಾಲೆಯಲ್ಲಿ, ಬಸ್ಸಿನ ಸೀಟಿನಲ್ಲಿ, ರೈಲಿನ ಬರ್ತಿನಲ್ಲಿ ಆ ಹೊಣೆ ನಮ್ಮದೇ ಆಗುತ್ತದೆ. ಕುತ್ತಿಗೆ ಹಿಡಿದುಕೊಂಡಿದೆ, ಸೊಂಟ ಸೆಳೆಯುತ್ತಿದೆ, ಬೆರಳಿಗೆ ಜೋಮು ಬರುತ್ತಿದೆ ಎಂದು ದೂರುವವರಲ್ಲಿ ಹೆಚ್ಚಿನವರು ದುಬಾರಿ ಕುರ್ಚಿಯೊಂದನ್ನು ಕೊಂಡರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿರುತ್ತಾರೆ. ಆದರೆ ತೊಂದರೆಯ ಬೇರು ಬಹುಮಟ್ಟಿಗೆ ಲ್ಯಾಪ್‌ಟಾಪ್‌ನ ರಚನೆಯಲ್ಲಿ ಮತ್ತು ಅಲುಗಾಡದೆ ಕೂರುವ ನಮ್ಮ ಅಭ್ಯಾಸದಲ್ಲಿದೆ. ಈ ಎರಡನ್ನೂ ಮನೆಯಲ್ಲಿರುವ ಸಾಮಾನುಗಳಿಂದಲೇ ನಿಭಾಯಿಸಬಹುದು.

ಲ್ಯಾಪ್‌ಟಾಪ್‌ನಲ್ಲಿ ಪರದೆಯೂ ಕೀಲಿಮಣೆಯೂ ಒಂದಕ್ಕೊಂದು ಅಂಟಿಕೊಂಡಿವೆ. ಅದನ್ನು ಕೈಗೆ ಹಿತವಾದ ಎತ್ತರದಲ್ಲಿಟ್ಟರೆ ಪರದೆ ಎದೆಯ ಮಟ್ಟಕ್ಕೆ ಇಳಿದು ತಲೆ ಬಾಗುತ್ತದೆ. ಕಣ್ಣಿಗೆ ಹಿತವಾಗುವಷ್ಟು ಎತ್ತಿದರೆ ಕೈಗಳಿಗೆ ಆಧಾರ ತಪ್ಪಿ ಹೆಗಲು ಸೋಲುತ್ತದೆ. ವಯಸ್ಕರ ತಲೆಯ ತೂಕ ಸುಮಾರು 4.5ರಿಂದ 5 ಕಿಲೋ. ಅಮೆರಿಕದ ಬೆನ್ನೆಲುಬಿನ ಶಸ್ತ್ರಚಿಕಿತ್ಸಕ ಕೆನೆತ್ ಹನ್ಸ್‌ರಾಜ್ ಅವರು 2014ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ತಲೆ 15 ಡಿಗ್ರಿ ಮುಂದಕ್ಕೆ ಬಾಗಿದಾಗ ಕುತ್ತಿಗೆಯ ಮೇಲಿನ ಹೊರೆ ಸುಮಾರು 12 ಕಿಲೋಗೆ, 30 ಡಿಗ್ರಿಗೆ 18 ಕಿಲೋಗೆ, 60 ಡಿಗ್ರಿಗೆ 27 ಕಿಲೋಗೆ ಏರುತ್ತದೆ. ಇದು ಕಂಪ್ಯೂಟರ್ ಮಾದರಿಯ ಲೆಕ್ಕವೇ ಹೊರತು ಜೀವಂತ ಕುತ್ತಿಗೆಯಲ್ಲಿ ಅಳೆದದ್ದಲ್ಲ. ಆದರೂ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಎರಡು ಗಂಟೆ ಕೆಲಸ ಮಾಡಿದವರ ಕತ್ತಿನ ಬುಡ ಏಕೆ ನೋಯುತ್ತದೆ ಎಂಬುದು ಇದರಿಂದ ಚೆನ್ನಾಗಿ ತಿಳಿಯುತ್ತದೆ. ಆದ್ದರಿಂದ ದಿನಕ್ಕೆ ಒಂದೆರಡು ಗಂಟೆಗಿಂತ ಹೆಚ್ಚು ಟೈಪು ಮಾಡುವವರು ಪರದೆಯನ್ನು ಎತ್ತರಿಸಿ, ಬೇರೆ ಕೀಲಿಮಣೆ ಮತ್ತು ಮೌಸ್ ಜೋಡಿಸಿಕೊಳ್ಳಲೇಬೇಕು. ಬೇರೆ ಯಾವ ಉಪಾಯವೂ ಇದಕ್ಕೆ ಬದಲಾಗಲಾರದು.

ಮೊದಲ ಹೆಜ್ಜೆ: ದರ್ಜಿಯ ಟೇಪು ಹಿಡಿದು ಮೂರು ಅಳತೆ

ಹೊಸ ಜಾಗಕ್ಕೆ ಹೋದಾಗಲೆಲ್ಲ ಅಂದಾಜಿನ ಮೇಲೆ ಹೊಂದಿಸಿಕೊಳ್ಳುವ ಬದಲು, ನಿಮ್ಮ ದೇಹದ ಮೂರು ಅಳತೆಗಳನ್ನು ಒಮ್ಮೆ ತೆಗೆದು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಗಟ್ಟಿ ಹಲಗೆಯ ಕುರ್ಚಿಯಲ್ಲಿ ಬರಿಗಾಲಿನಲ್ಲಿ, ಪಾದಗಳನ್ನು ನೆಲಕ್ಕೆ ಪೂರ್ತಿಯಾಗಿ ಊರಿ ಕುಳಿತುಕೊಳ್ಳಿ. ನೆಲದಿಂದ ಮಂಡಿಯ ಹಿಂಬದಿಯ ಮಡಿಕೆಯವರೆಗಿನ ಎತ್ತರ ಮೊದಲನೆಯ ಅಳತೆ. ತೋಳನ್ನು ಪಕ್ಕೆಗೆ ಸಡಿಲವಾಗಿ ಇಳಿಬಿಟ್ಟು ಮೊಣಕೈ ಮಡಿಸಿದಾಗ ಕುರ್ಚಿಯ ಹಲಗೆಯಿಂದ ಮೊಣಕೈಯ ತಳದವರೆಗೆ ಸಿಗುವುದು ಎರಡನೆಯದು. ಹಲಗೆಯಿಂದ ಕಣ್ಣಿನ ಮಟ್ಟದವರೆಗಿನದು ಮೂರನೆಯದು. ಇದಕ್ಕೆ ಮನೆಯವರೊಬ್ಬರ ನೆರವು ಬೇಕು, ಇಲ್ಲದಿದ್ದರೆ ಗೋಡೆಯ ಪಕ್ಕದಲ್ಲಿ ಕುಳಿತು ಪೆನ್ಸಿಲಿನಿಂದ ಗುರುತು ಮಾಡಿಕೊಳ್ಳಬಹುದು.

ಮೊದಲ ಎರಡನ್ನು ಕೂಡಿದರೆ ನಿಮ್ಮ ಕೈಗೆ ಸರಿಹೊಂದುವ ಮೇಜಿನ ಎತ್ತರ ಸಿಗುತ್ತದೆ. 158 ಸೆಂಟಿಮೀಟರ್ ಎತ್ತರದ ಒಬ್ಬರನ್ನು ತೆಗೆದುಕೊಳ್ಳೋಣ: ಮಂಡಿಯ ಎತ್ತರ 40, ಮೊಣಕೈ 22, ಕಣ್ಣು 70 ಸೆಂಟಿಮೀಟರ್ ಎಂದುಕೊಂಡರೆ ಅವರಿಗೆ ಬೇಕಾದ ಮೇಜು 62 ಸೆಂಟಿಮೀಟರ್ ಎತ್ತರದ್ದು. ನಮ್ಮ ಮನೆಗಳ ಊಟದ ಮೇಜು ಸಾಮಾನ್ಯವಾಗಿ 75 ಸೆಂಟಿಮೀಟರ್, ಅಂದರೆ ಎರಡೂವರೆ ಅಡಿ ಇರುತ್ತದೆ. ನಡುವಿನ 13 ಸೆಂಟಿಮೀಟರುಗಳನ್ನು ದೇಹ ಹೆಗಲುಗಳನ್ನು ಕಿವಿಯತ್ತ ಎತ್ತಿಯೇ ಸರಿದೂಗಿಸುತ್ತದೆ, ಕೆಲಸದ ಗಮನದಲ್ಲಿ ಅದು ನಮಗೆ ಗೊತ್ತಾಗುವುದೂ ಇಲ್ಲ. ಸಂಜೆ ಹೆಗಲಿಗೂ ಕತ್ತಿಗೂ ನಡುವೆ ಬೆರಳಿಟ್ಟು ಒತ್ತಿದರೆ ಗಂಟು ಕಟ್ಟಿದಂತೆ ನೋಯುವುದು ಇದರಿಂದಲೇ, ಆದರೆ ತಪ್ಪು ಹೆಚ್ಚಾಗಿ ದಿಂಬಿನ ತಲೆಗೆ ಬರುತ್ತದೆ. 178 ಸೆಂಟಿಮೀಟರ್ ಎತ್ತರದವರಿಗಾದರೆ ಅದೇ ಮೇಜು ಕೈಗೆ ಐದಾರು ಸೆಂಟಿಮೀಟರ್ ಮಾತ್ರ ಹೆಚ್ಚಾಗುತ್ತದೆ. ಅವರ ಕಷ್ಟವೆಲ್ಲ ಪರದೆ ತೀರ ತಗ್ಗಿನಲ್ಲಿರುವುದು. ಮೇಜುಗಳ ಎತ್ತರ ಗಿಡ್ಡವಾಗಿರುವವರಿಗೆ, ಅದರಲ್ಲೂ ನಮ್ಮ ಬಹುಪಾಲು ಹೆಂಗಸರಿಗೆ, ಹೊಂದುವುದೇ ಇಲ್ಲ ಎಂಬುದನ್ನು ಮನೆಯಲ್ಲಾಗಲಿ ಕಚೇರಿಯಲ್ಲಾಗಲಿ ಯಾರೂ ಗಂಭೀರವಾಗಿ ತೆಗೆದುಕೊಂಡಿಲ್ಲ ಎಂಬ ಬೇಸರ ನನಗಿದೆ.

ಎರಡನೆಯ ಹೆಜ್ಜೆ: ಊಟದ ಮೇಜನ್ನು ಕೆಲಸದ ಮೇಜಾಗಿಸುವುದು

ಮೇಜನ್ನು ತಗ್ಗಿಸಲು ಆಗುವುದಿಲ್ಲ, ಆದ್ದರಿಂದ ನಾವೇ ಮೇಲೇರಬೇಕು. ಮೇಲಿನ ಉದಾಹರಣೆಯವರು 53 ಸೆಂಟಿಮೀಟರ್ ಎತ್ತರದಲ್ಲಿ ಕೂರಬೇಕು. ಸಾಮಾನ್ಯ ಪ್ಲಾಸ್ಟಿಕ್ ಕುರ್ಚಿಯ ಕೂರುವ ಭಾಗ 40ರಿಂದ 43 ಸೆಂಟಿಮೀಟರ್ ಎತ್ತರವಿರುತ್ತದೆ. ಒಂದೇ ಬಗೆಯ ಎರಡು ಕುರ್ಚಿಗಳನ್ನು ಒಂದರೊಳಗೊಂದು ಕೂರಿಸಿದರೆ ಎತ್ತರವೂ ಸ್ವಲ್ಪ ಏರುತ್ತದೆ, ಒಂಟಿ ಕುರ್ಚಿ ಭಾರಕ್ಕೆ ಬಾಗುವ ತೊಂದರೆಯೂ ತಪ್ಪುತ್ತದೆ. ಉಳಿದ ಎತ್ತರಕ್ಕೆ ಹತ್ತಿಯ ದಿಂಬು ಬೇಡ, ಅದು ಅರ್ಧ ಗಂಟೆಯಲ್ಲಿ ಕುಸಿದು ಒಂದು ಪಕ್ಕಕ್ಕೆ ವಾಲುತ್ತದೆ. ಬಿಗಿಯಾಗಿ ಮಡಿಸಿದ ಜಮಖಾನ ಅಥವಾ ಕಂಬಳಿ ಒಳ್ಳೆಯದು. ಮಡಿಕೆಯ ದಪ್ಪ ಅಂಚು ಹಿಂದಕ್ಕೂ ತೆಳುವಾದ ಅಂಚು ಮುಂದಕ್ಕೂ ಇದ್ದರೆ ತೊಡೆಯ ಕೆಳಭಾಗ ಒತ್ತುವುದಿಲ್ಲ, ಸೊಂಟ ತಾನಾಗಿಯೇ ಸ್ವಲ್ಪ ಮುಂದಕ್ಕೆ ಬಾಗಿ ಬೆನ್ನು ನೇರವಾಗುತ್ತದೆ.

ಕೂರುವ ಎತ್ತರ ಏರಿದ ಕೂಡಲೇ ಪಾದಗಳು ತೂಗಾಡತೊಡಗುತ್ತವೆ. ಅದನ್ನು ಹಾಗೆಯೇ ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ, ಏಕೆಂದರೆ ಕಾಲಿನ ಭಾರವೆಲ್ಲ ಮಂಡಿಯ ಹಿಂಭಾಗದ ರಕ್ತನಾಳಗಳ ಮೇಲೆ ಬೀಳುತ್ತದೆ. ಎರಡು ಇಟ್ಟಿಗೆಗಳನ್ನು ಮಲಗಿಸಿ ಅವುಗಳ ಮೇಲೆ ಊಟದ ಮಣೆಯೊಂದನ್ನು ಇಟ್ಟರೆ ಹನ್ನೆರಡು ಹದಿಮೂರು ಸೆಂಟಿಮೀಟರಿನ ಪಾದಪೀಠ ಸಿದ್ಧವಾಗುತ್ತದೆ. ಮಣೆ ಅಲುಗಾಡದಂತೆ ಕೆಳಗೆ ಹಳೆಯ ಬಟ್ಟೆ ಹಾಸಿಕೊಳ್ಳಿ.

ಬೆನ್ನಿನ ಆಧಾರಕ್ಕೆ ಸ್ನಾನದ ಟವೆಲನ್ನು ಮುಷ್ಟಿಗಾತ್ರಕ್ಕೆ ಬಿಗಿಯಾಗಿ ಸುತ್ತಿ, ಹಳೆಯ ಪಂಚೆಯ ತುಂಡಿನಿಂದ ಕುರ್ಚಿಯ ಬೆನ್ನಿಗೆ ಕಟ್ಟಿ. ಅದು ಇರಬೇಕಾದ್ದು ಸೊಂಟಪಟ್ಟಿಯ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಬೆನ್ನು ಒಳಕ್ಕೆ ಬಾಗುವ ಜಾಗದಲ್ಲಿ. ಅದಕ್ಕಿಂತ ಮೇಲಕ್ಕೆ ಕಟ್ಟಿದರೆ ಎದೆ ಮುಂದಕ್ಕೆ ತಳ್ಳಲ್ಪಟ್ಟು ಆಯಾಸವೇ ಹೆಚ್ಚುತ್ತದೆ. ಪೃಷ್ಠವನ್ನು ಕುರ್ಚಿಯ ಹಿಂದಿನ ಮೂಲೆಗೆ ತಾಗುವಂತೆ ಸರಿಸಿ, 100ರಿಂದ 110 ಡಿಗ್ರಿಯಷ್ಟು ಹಿಂದಕ್ಕೆ ಒರಗಿಕೊಳ್ಳಿ. ಕೋಲು ನುಂಗಿದವರಂತೆ ನೆಟ್ಟಗೆ ಕೂರಬೇಕೆಂಬ ಶಾಲೆಯ ಪಾಠವನ್ನು ಇಲ್ಲಿ ಬಿಡುವುದು ಒಳ್ಳೆಯದು, ಏಕೆಂದರೆ ಒರಗಿದಾಗ ಮೈಯ ಭಾರದ ಒಂದು ಪಾಲನ್ನು ಕುರ್ಚಿ ಹೊರುತ್ತದೆ.

ಇನ್ನು ಪರದೆ. 53 ಸೆಂಟಿಮೀಟರಿನಲ್ಲಿ ಕುಳಿತಾಗ ಕಣ್ಣು ನೆಲದಿಂದ 123 ಸೆಂಟಿಮೀಟರಿನಲ್ಲಿರುತ್ತದೆ, ಒರಗಿ ಸಡಿಲವಾದಾಗ ನಾಲ್ಕೈದು ಸೆಂಟಿಮೀಟರ್ ಇಳಿಯುತ್ತದೆ. ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ಸ್ವಲ್ಪ ಕೆಳಗಿರಬೇಕು. 14 ಅಂಗುಲದ ಲ್ಯಾಪ್‌ಟಾಪ್ ತೆರೆದಾಗ ಅದರ ಮೇಲಂಚು ಮೇಜಿನಿಂದ ಸುಮಾರು 21 ಸೆಂಟಿಮೀಟರ್ ಎತ್ತರದಲ್ಲಿರುವುದರಿಂದ ಅದರ ಕೆಳಗೆ ಇನ್ನೂ 20 ಸೆಂಟಿಮೀಟರಿನಷ್ಟು ಪುಸ್ತಕಗಳ ಅಟ್ಟಿ ಬೇಕಾಗುತ್ತದೆ. ಗಾಳಿಯಾಡುವ ಕಿಂಡಿಗಳು ಮುಚ್ಚದಂತೆ ಇಡಿ. ಕೈ ಚಾಚಿದರೆ ಬೆರಳ ತುದಿ ಪರದೆಗೆ ತಾಗುವಷ್ಟು, ಅಂದರೆ 50ರಿಂದ 70 ಸೆಂಟಿಮೀಟರ್ ದೂರ ಸರಿಯಾದದ್ದು. ಅಷ್ಟು ದೂರದಿಂದ ಅಕ್ಷರ ಕಾಣದಿದ್ದರೆ ಅಕ್ಷರದ ಗಾತ್ರವನ್ನು ಹಿಗ್ಗಿಸಬೇಕೇ ಹೊರತು ಮೂಗನ್ನು ಮುಂದಕ್ಕೆ ಒಯ್ಯಬಾರದು. ನಲವತ್ತು ದಾಟಿ ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಕನ್ನಡಕ ಹಾಕಿಕೊಳ್ಳುವವರಿಗೆ ಈ ನಿಯಮ ಹಾಗೆಯೇ ಹೊಂದುವುದಿಲ್ಲ. ಅವರು ಗಾಜಿನ ಕೆಳಭಾಗದಿಂದ ಓದಲು ಗದ್ದ ಎತ್ತುವುದರಿಂದ ಪರದೆಯನ್ನು ಇನ್ನೂ ಐದಾರು ಸೆಂಟಿಮೀಟರ್ ತಗ್ಗಿಸಿ, ಸ್ವಲ್ಪ ಹಿಂದಕ್ಕೆ ವಾಲಿಸಬೇಕು. ಬರಿಯ ಕಂಪ್ಯೂಟರ್ ದೂರಕ್ಕೆಂದೇ ಒಂದು ಕನ್ನಡಕ ಮಾಡಿಸಿಕೊಂಡರೆ ಇನ್ನೂ ಉತ್ತಮ.

ಕೀಲಿಮಣೆ ಮೇಜಿನ ಅಂಚಿಗೆ ಹತ್ತಿರವಿರಲಿ, ಅದರ ಹಿಂಬದಿಯ ಪುಟ್ಟ ಕಾಲುಗಳನ್ನು ಮಡಿಸಿಯೇ ಇಡಿ. ಅವುಗಳನ್ನು ಎತ್ತಿದರೆ ಮಣಿಕಟ್ಟು ಮೇಲಕ್ಕೆ ಬಾಗುತ್ತದೆ. ಮೌಸ್ ಕೀಲಿಮಣೆಗೆ ಒತ್ತಿಕೊಂಡೇ ಇರಲಿ, ಅದಕ್ಕಾಗಿ ತೋಳು ಚಾಚುವಂತಾಗಬಾರದು. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಟೈಪು ಮಾಡುವ ಅಭ್ಯಾಸವಿದ್ದರೆ ಇಯರ್‌ಫೋನ್ ಬಳಸಿ.

ಮಲೆನಾಡು ಮತ್ತು ಕರಾವಳಿಯ ಹೆಂಚಿನ ಮನೆಗಳಲ್ಲಿ ಬೆಳಕಿನದೇ ಬೇರೆ ಸಮಸ್ಯೆ. ಒಳಗಿನ ಕೋಣೆ ಮಬ್ಬು, ಜಗಲಿ ಅತಿ ಪ್ರಖರ. ಗಾಳಿಗೆಂದು ಜಗಲಿಯಲ್ಲಿ ಅಂಗಳಕ್ಕೆ ಮುಖಮಾಡಿ ಕುಳಿತರೆ ಹೊರಗಿನ ಬೆಳಕಿಗೆ ಪರದೆ ಮಂಕಾಗಿ, ಅರಿವಿಲ್ಲದೆ ತಲೆ ಮುಂದಕ್ಕೆ ಹೋಗುತ್ತದೆ. ಅಂಗಳಕ್ಕೆ ಬೆನ್ನು ಮಾಡಿದರೆ ಪರದೆಯಲ್ಲಿ ಅಂಗಳವೇ ಕಾಣುತ್ತದೆ. ಕಿಟಕಿಯಾಗಲಿ ಅಂಗಳವಾಗಲಿ ಎಡಕ್ಕೋ ಬಲಕ್ಕೋ ಬರುವಂತೆ ಅಡ್ಡಲಾಗಿ ಕೂರುವುದೇ ಪರಿಹಾರ. ಮಬ್ಬು ಕೋಣೆಯಲ್ಲಾದರೆ ಪರದೆಯ ಹಿಂದಿನ ಗೋಡೆಗೆ ಬೆಳಕು ಬೀಳುವಂತೆ ದೀಪವೊಂದನ್ನು ಇಡಿ.

ಮೇಜೇ ಇಲ್ಲದ ಮನೆಯಲ್ಲಿ ನೆಲದ ಮೇಲೆ ಕೂರುವುದು ತಪ್ಪೇನಲ್ಲ. ಅಂಗಡಿಗಳಲ್ಲಿ ಲೆಕ್ಕ ಬರೆಯುವವರು ಇಳಿಜಾರಿನ ಗಿಡ್ಡ ಡೆಸ್ಕಿನ ಮುಂದೆ ಹೀಗೆಯೇ ಕೂರುತ್ತಿದ್ದರು. ಚಕ್ಕಳಮಕ್ಕಳ ಹಾಕಿದಾಗ ಮಂಡಿಗಳು ಸೊಂಟಕ್ಕಿಂತ ಮೇಲಿದ್ದರೆ ಬೆನ್ನು ಗೂನಾಗುತ್ತದೆ. ಪೃಷ್ಠದ ಕೆಳಗೆ ಎಂಟು ಹತ್ತು ಸೆಂಟಿಮೀಟರಿನಷ್ಟು ಮಡಿಸಿದ ಜಮಖಾನ ಇಟ್ಟು, ಗೋಡೆಗೆ ಒರಗಿದರೆ ಅದು ಸರಿಹೋಗುತ್ತದೆ. ಆದರೆ ಹೀಗೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಕೂರಬೇಡಿ, ಏಳುವಾಗ ಕಾಲು ಬದಲಿಸಿ. ಹಾಸಿಗೆಯ ಮೇಲೆ ಕುಳಿತು ಟೈಪು ಮಾಡುವುದನ್ನು ನಾನು ಯಾರಿಗೂ ಸಲಹೆ ಮಾಡಲಾರೆ.

ಮೂರನೆಯ ಹೆಜ್ಜೆ: ಕದಲುವ ಅಭ್ಯಾಸ

ಎಷ್ಟೇ ಚೆನ್ನಾಗಿ ಹೊಂದಿಸಿದರೂ ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಇರಲು ನಮ್ಮ ದೇಹ ಒಗ್ಗುವುದಿಲ್ಲ. ಬೆನ್ನೆಲುಬಿನ ನಡುವಿನ ಡಿಸ್ಕುಗಳಿಗೆ ವಯಸ್ಕರಲ್ಲಿ ನೇರ ರಕ್ತಪೂರೈಕೆ ಬಹಳ ಕಡಿಮೆ. ಅವು ಸುತ್ತಲಿನ ಅಂಗಾಂಶದಿಂದ ಜಿನುಗುವ ದ್ರವದಿಂದಲೇ ಪೋಷಣೆ ಪಡೆಯುತ್ತವೆ, ಮೈಯ ಚಲನೆ ಆ ಹರಿವಿಗೆ ನೆರವಾಗುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು ಒಂದೆರಡು ನಿಮಿಷ ಓಡಾಡುವುದು ವಾರಕ್ಕೊಮ್ಮೆ ಮಾಡುವ ಬಿರುಸಿನ ವ್ಯಾಯಾಮಕ್ಕಿಂತ ಇಲ್ಲಿ ಹೆಚ್ಚು ಉಪಯುಕ್ತ. ಇದನ್ನು ಮರೆಯದಿರಲು ನೀರಿನ ಚೊಂಬನ್ನು ಮೇಜಿನ ಮೇಲಿಡದೆ ಅಡುಗೆಮನೆಯಲ್ಲಿ ಇಡಿ, ಫೋನ್ ಕರೆಗಳನ್ನು ನಿಂತೇ ಸ್ವೀಕರಿಸಿ. ಕಣ್ಣಿಗೆ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವ ನಿಯಮ ಸಾಕು. ಊರಿನಲ್ಲಿ ಅದಕ್ಕೆ ತೆಂಗಿನ ಮರವೋ ಎದುರಿನ ಗುಡ್ಡವೋ ಇದ್ದೇ ಇರುತ್ತದೆ. ಪರದೆ ನೋಡುವಾಗ ನಾವು ಕಣ್ಣು ಮಿಟುಕಿಸುವುದು ಬಹಳ ಕಡಿಮೆಯಾಗುವುದರಿಂದ ಆಗ ನಾಲ್ಕು ಸಲ ನಿಧಾನವಾಗಿ ರೆಪ್ಪೆ ಮುಚ್ಚಿ ತೆರೆಯಿರಿ.

ನಾಲ್ಕನೆಯ ಹೆಜ್ಜೆ: ಚೀಲ ಮತ್ತು ಕೆಲಸ, ಎರಡನ್ನೂ ಹೊರಡುವ ಮೊದಲೇ ಹಗುರಗೊಳಿಸುವುದು

ಮಡಿಸುವ ಸ್ಟ್ಯಾಂಡು, ತೆಳುವಾದ ವೈರ್‌ಲೆಸ್ ಕೀಲಿಮಣೆ, ಮೌಸ್ ಮೂರೂ ಸೇರಿ ಒಂದು ಕಿಲೋ ಒಳಗೇ ಇರುತ್ತವೆ, ಅವು ಚೀಲದಲ್ಲಿ ಇರಲೇಬೇಕು. ಆದರೆ ಒಟ್ಟು ಭಾರ ಮೈತೂಕದ ಹತ್ತನೆಯ ಒಂದು ಪಾಲನ್ನು ಮೀರದಂತೆ ನೋಡಿಕೊಳ್ಳಿ. 60 ಕಿಲೋ ತೂಕದವರಿಗೆ ಅದು 6 ಕಿಲೋ. ಲ್ಯಾಪ್‌ಟಾಪ್, ಚಾರ್ಜರ್, ನೀರಿನ ಬಾಟಲಿ, ಊರಿಗೆಂದು ಕೊಂಡ ಸಿಹಿಯ ಡಬ್ಬ ಸೇರಿದರೆ ಅದು ಬೇಗನೆ ತುಂಬಿಬಿಡುತ್ತದೆ. ಬಟ್ಟೆಬರೆಯನ್ನು ಗಾಲಿಯ ಪೆಟ್ಟಿಗೆಗೆ ಹಾಕಿ. ಎರಡೂ ಪಟ್ಟಿಗಳನ್ನು ಹೆಗಲಿಗೆ ಹಾಕಿ ಚೀಲ ಬೆನ್ನಿಗೆ ಅಂಟುವಂತೆ ಬಿಗಿದುಕೊಳ್ಳಿ; ಲ್ಯಾಪ್‌ಟಾಪ್ ಬೆನ್ನಿನ ಬದಿಯಲ್ಲೇ ಇರಲಿ, ಚೀಲದ ತಳ ಸೊಂಟದ ಕೆಳಗೆ ಜೋತುಬೀಳದಿರಲಿ. ಸ್ಕೂಟರಿನಲ್ಲಿ ಹೋಗುವವರು ಚೀಲದ ತಳ ಹಿಂದಿನ ಸೀಟಿನ ಮೇಲೆ ಕೂರುವಷ್ಟು ಪಟ್ಟಿಯನ್ನು ಸಡಿಲಿಸಬೇಕು, ಇಲ್ಲದಿದ್ದರೆ ಪ್ರತಿ ಹಂಪಿನಲ್ಲೂ ಅದರ ಭಾರವೆಲ್ಲ ಹೆಗಲನ್ನು ಜಗ್ಗುತ್ತದೆ. ಗಂಡಸರು ಪ್ಯಾಂಟಿನ ಹಿಂಜೇಬಿನ ಪರ್ಸನ್ನು ಪ್ರಯಾಣದಲ್ಲಿ ತೆಗೆದಿಡಲಿ. ಒಂದು ಪಕ್ಕ ಎತ್ತರವಾಗಿ ಗಂಟೆಗಟ್ಟಲೆ ಕೂರುವುದರಿಂದ ತೊಡೆಯ ಹಿಂಭಾಗಕ್ಕೆ ಇಳಿಯುವ ಸಯಾಟಿಕ್ ನರ ಒತ್ತಡಕ್ಕೆ ಸಿಗಬಹುದು.

ಚೀಲದಷ್ಟೇ ಮುಖ್ಯವಾದದ್ದು ಕೆಲಸದ ವಿಂಗಡಣೆ. ಬೆರಳಿನ ಕೆಲಸ, ಕಣ್ಣಿನ ಕೆಲಸ, ಕಿವಿಯ ಕೆಲಸ ಎಂದು ಮೂರು ಪಟ್ಟಿ ಮಾಡಿಕೊಳ್ಳಿ. ಬೆರಳಿನ ಕೆಲಸವೆಲ್ಲ ಸ್ಥಿರವಾದ ಮೇಜಿಗೆ ಮೀಸಲು, ಓದುವ ಕೆಲಸ ರೈಲಿಗೆ, ಕೇಳುವ ಮತ್ತು ಯೋಚಿಸುವ ಕೆಲಸ ಬಸ್ಸಿಗೆ, ಕ್ಯಾಬಿಗೆ. ದಾರಿಯಲ್ಲಿ ಏನಾದರೂ ಬರೆಯಲೇಬೇಕಾದರೆ ಧ್ವನಿಯಿಂದ ಕನ್ನಡದಲ್ಲೇ ಬರೆಸುವ ಸೌಲಭ್ಯ ಈಗ ಫೋನುಗಳಲ್ಲಿದೆ. ಕರಡು ಸಾಕಷ್ಟು ಚೆನ್ನಾಗಿಯೇ ಬರುತ್ತದೆ, ತಿದ್ದುಪಡಿಯನ್ನು ತಲುಪಿದ ಮೇಲೆ ಮಾಡಬಹುದು. ಕುಲುಕುವ ವಾಹನದಲ್ಲಿ ಕಷ್ಟಪಟ್ಟು ಟೈಪು ಮಾಡಿದ ಒಂದು ಪುಟಕ್ಕಾಗಿ ಮರುದಿನವಿಡೀ ಕುತ್ತಿಗೆ ನೀವಿಕೊಳ್ಳುವುದು ಯಾರ ಕೆಲಸಕ್ಕೂ ಲಾಭವಲ್ಲ.

ಐದನೆಯ ಹೆಜ್ಜೆ: ರೈಲಿನಲ್ಲಿ

ಪ್ರಯಾಣದಲ್ಲಿ ಕೆಲಸ ಮಾಡಲೇಬೇಕಾದವರಿಗೆ ನಾನು ಮೊದಲು ಹೇಳುವುದು ರೈಲನ್ನೇ. ಎದ್ದು ಓಡಾಡಲು ಜಾಗವಿದೆ, ಶೌಚಾಲಯವಿದೆ. ಹಗಲಿನಲ್ಲಿ ಮಡಿಸುವ ತಟ್ಟೆಮೇಜಿರುವ ಚೇರ್ ಕಾರ್ ಒಳ್ಳೆಯದು. ಬೆಂಗಳೂರು–ಧಾರವಾಡ ನಡುವೆ 2023ರ ಜೂನ್‌ನಲ್ಲಿ ಆರಂಭವಾದ ವಂದೇ ಭಾರತ್‌ನಂತಹ ರೈಲುಗಳಲ್ಲಿ ಈ ವ್ಯವಸ್ಥೆ ಇದೆ. ಆದರೂ ತಟ್ಟೆಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟರೆ ಕತ್ತು ಬಾಗುವುದು ತಪ್ಪುವುದಿಲ್ಲ, ಹಾಗಾಗಿ ಅರ್ಧ ಗಂಟೆ ಬರೆದು, ಹತ್ತು ನಿಮಿಷ ಮುಚ್ಚಿಟ್ಟು, ಬೋಗಿಯ ಉದ್ದಕ್ಕೂ ಒಮ್ಮೆ ನಡೆದು ಬರುವುದನ್ನು ನಿಯಮ ಮಾಡಿಕೊಳ್ಳಿ.

ರಾತ್ರಿಯ ರೈಲಿನಲ್ಲಿ ಬರ್ತಿನ ಆಯ್ಕೆಯೇ ಅರ್ಧ ಆರೋಗ್ಯ. ಮಧ್ಯದ ಬರ್ತು ಬಿಚ್ಚಿದ ಮೇಲೆ ಅಲ್ಲಿಯೂ ಅದರ ಕೆಳಗೂ ವಯಸ್ಕರು ತಲೆಯೆತ್ತಿ ಕೂರಲಾಗದು. ರೈಲ್ವೆಯ ನಿಯಮದಂತೆ ಮಲಗುವ ಹೊತ್ತು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ, ಉಳಿದ ವೇಳೆಯಲ್ಲಿ ಕೆಳಗಿನ ಬರ್ತು ಎಲ್ಲರಿಗೂ ಕೂರುವ ಜಾಗ. ಆದ್ದರಿಂದ ಓದುವುದೇನಿದ್ದರೂ ಹತ್ತಕ್ಕೆ ಮೊದಲೇ ಮುಗಿಸಿ, ಆಮೇಲೆ ಮಲಗಿಬಿಡಿ. ಹಲವು ರೈಲುಗಳಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಚಾರ್ಜಿಂಗ್ ಪಾಯಿಂಟುಗಳಿಗೆ ವಿದ್ಯುತ್ ಇರುವುದಿಲ್ಲ ಎಂಬುದನ್ನೂ ನೆನಪಿಡಿ. ಮಂಡಿನೋವಿರುವವರಿಗೆ ಏಣಿ ಹತ್ತುವುದು ಅಪಾಯ. 45 ದಾಟಿದ ಹೆಂಗಸರಿಗೂ 60 ದಾಟಿದ ಗಂಡಸರಿಗೂ ಲಭ್ಯತೆಗೆ ಅನುಗುಣವಾಗಿ ಕೆಳಗಿನ ಬರ್ತು ಕೊಡುವ ಕೋಟಾ ಇದೆ, ಟಿಕೆಟ್ ಮಾಡುವಾಗ ವಯಸ್ಸನ್ನು ಸರಿಯಾಗಿ ನಮೂದಿಸಿ. ಉದ್ದವಾಗಿರುವವರಿಗೆ ಪಕ್ಕದ ಕೆಳಬರ್ತು ಸಾಕಾಗುವುದಿಲ್ಲ; ಅಲ್ಲದೆ ಎರಡು ಸೀಟುಗಳನ್ನು ಮಡಿಸಿ ಜೋಡಿಸಿದ ಕಡೆ ನಡುವಿನ ಸಂದು ಸೊಂಟಕ್ಕೆ ಒತ್ತುತ್ತದೆ. ಅಲ್ಲಿಯೇ ಮಲಗಬೇಕಾಗಿ ಬಂದರೆ ಸಂದಿನ ಮೇಲೆ ಚಾದರವನ್ನು ನಾಲ್ಕು ಮಡಿಕೆ ಮಾಡಿ ಹಾಸಿಕೊಳ್ಳಿ.

ಮಗ್ಗುಲಾಗಿ ಮಲಗುವವರಿಗೆ ಹೆಗಲಿಗೂ ಕಿವಿಗೂ ನಡುವಿನ ಜಾಗ ತುಂಬುವಷ್ಟು ದಪ್ಪದ ದಿಂಬು ಬೇಕು, ರೈಲಿನ ದಿಂಬು ಅಷ್ಟಿರುವುದಿಲ್ಲ. ಸ್ವೆಟರನ್ನೋ ಶಾಲನ್ನೋ ಮಡಿಸಿ ಅದರ ಕೆಳಗಿಟ್ಟು ಎತ್ತರ ಹೊಂದಿಸಿಕೊಳ್ಳಿ, ಸೊಂಟನೋವಿರುವವರು ಮಂಡಿಗಳ ನಡುವೆಯೂ ಒಂದು ಸಣ್ಣ ಮಡಿಕೆ ಇಟ್ಟುಕೊಳ್ಳಲಿ.

ಆರನೆಯ ಹೆಜ್ಜೆ: ಬಸ್ಸು, ಕ್ಯಾಬು, ಸ್ವಂತ ಕಾರು

ಬಸ್ಸಿನಲ್ಲಿ ಕುಲುಕಾಟ ಎಲ್ಲೆಡೆ ಒಂದೇ ತೆರನಾಗಿರುವುದಿಲ್ಲ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಸೀಟುಗಳಲ್ಲಿ ಕಡಿಮೆ, ಚಕ್ರದ ಮೇಲೆ ಹೆಚ್ಚು, ಹಿಂದಿನ ಚಕ್ರದಾಚೆಗಿನ ಕೊನೆಯ ಸಾಲಿನಲ್ಲಿ ಅತಿ ಹೆಚ್ಚು. ರಾಜಹಂಸವಾಗಲಿ ಐರಾವತವಾಗಲಿ, ಟಿಕೆಟ್ ಕಾಯ್ದಿರಿಸುವಾಗ ಮಧ್ಯದ ಸಾಲುಗಳನ್ನು ಆರಿಸಿ. ಬೆನ್ನುನೋವಿರುವವರು ಕೊನೆಯ ಸಾಲು ಮಾತ್ರ ಉಳಿದಿದ್ದರೆ ಮುಂದಿನ ಬಸ್ಸಿಗೆ ಕಾಯುವುದೇ ಒಳಿತು. ಸ್ಲೀಪರ್ ಬಸ್ಸಿನಲ್ಲಿ ಮೇಲಿನ ಬರ್ತಿಗಿಂತ ಕೆಳಗಿನದರಲ್ಲಿ ಓಲಾಟ ಕಡಿಮೆ. ಕಾಲು ಮುಂದಕ್ಕೆ, ತಲೆ ಹಿಂದಕ್ಕೆ ಇರುವಂತೆ ಮಲಗಿದರೆ ಚಾಲಕ ಹಠಾತ್ತನೆ ಬ್ರೇಕ್ ಹಾಕಿದಾಗ ತಲೆ ಹೊಡೆಸಿಕೊಳ್ಳುವುದಿಲ್ಲ.

ಕೂತು ಹೋಗುವ ಬಸ್ಸಿನಲ್ಲಿ ಸೀಟನ್ನು ಹಿಂದಕ್ಕೆ ಒರಗಿಸಿ, ಸೊಂಟದ ಹಿಂದೆ ಟವೆಲಿನ ಸುರುಳಿ ಇಟ್ಟುಕೊಳ್ಳಿ. ಕುತ್ತಿಗೆಗೆ ಸುತ್ತುವ ದಿಂಬನ್ನು ಬಹಳ ಜನ ಹಿಂದಿನಿಂದ ಹಾಕಿಕೊಳ್ಳುತ್ತಾರೆ. ಸೀಟಿನ ತಲೆಯೊರಗು ದಪ್ಪವಾಗಿದ್ದರೆ ಅದು ತಲೆಯನ್ನು ಮುಂದಕ್ಕೆ ದೂಡುತ್ತದೆ. ದಿಂಬಿನ ದಪ್ಪ ಭಾಗ ಗದ್ದದ ಕೆಳಗೆ ಬರುವಂತೆ ತಿರುಗಿಸಿ ಹಾಕಿಕೊಂಡರೆ ನಿದ್ದೆಯಲ್ಲಿ ತಲೆ ಎದೆಯ ಮೇಲೆ ಬೀಳುವುದು ನಿಲ್ಲುತ್ತದೆ.

ಶಿರಾಡಿ, ಚಾರ್ಮಾಡಿ, ಆಗುಂಬೆ, ಯಾವ ಘಾಟಿಯಾದರೂ ಅಲ್ಲಿ ಪರದೆ ಮುಚ್ಚಿಡಿ. ಒಳಕಿವಿ ತಿರುವುಗಳನ್ನು ಗ್ರಹಿಸುತ್ತಿರುವಾಗ ಕಣ್ಣು ನಿಶ್ಚಲವಾದ ಅಕ್ಷರಗಳನ್ನು ನೋಡುತ್ತಿದ್ದರೆ ಎರಡರ ವರದಿ ತಾಳೆಯಾಗದೆ ವಾಕರಿಕೆ ಬರುತ್ತದೆ. ಮುಂದಿನ ಗಾಜಿನ ಮೂಲಕ ದೂರದ ರಸ್ತೆಯನ್ನು ನೋಡುವುದು, ಹೊಟ್ಟೆಯನ್ನು ತೀರ ಖಾಲಿಯಾಗಿಯೂ ತೀರ ತುಂಬಿಯೂ ಇಡದಿರುವುದು ಇದಕ್ಕೆ ಸರಳ ಪರಿಹಾರ.

ನೀರಿನ ವಿಷಯವನ್ನು ಇಲ್ಲಿ ಹೇಳಲೇಬೇಕು. ರಾತ್ರಿ ಬಸ್ಸಿನಲ್ಲಿ ಶೌಚಾಲಯವಿಲ್ಲವೆಂಬ ಕಾರಣಕ್ಕೆ ಹೆಂಗಸರು ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಾರೆ. ತಲೆನೋವು, ಸ್ನಾಯುಸೆಳೆತ, ಮೂತ್ರದ ಉರಿಗಳಿಗೆ ಇದು ದಾರಿ. ಹೊರಡುವ ಎರಡು ಗಂಟೆ ಮೊದಲಿನವರೆಗೆ ಚೆನ್ನಾಗಿ ಕುಡಿದು, ಆಮೇಲೆ ಗುಟುಕು ಗುಟುಕಾಗಿ ತೆಗೆದುಕೊಳ್ಳಿ. ಬಸ್ಸು ಎಲ್ಲಿ, ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂದು ಹತ್ತುವಾಗಲೇ ನಿರ್ವಾಹಕರನ್ನು ಕೇಳಿಟ್ಟುಕೊಳ್ಳಿ. ಅಲ್ಲಿ ಬಸ್ಸು ನಿಂತಾಗ ನಿದ್ದೆ ಬಂದಿದ್ದರೂ ಇಳಿದು ಒಂದು ಸುತ್ತು ನಡೆಯಿರಿ.

ಬೆಂಗಳೂರಿನ ಹೊರವರ್ತುಲ ರಸ್ತೆಯ ದಟ್ಟಣೆಯಲ್ಲಿ ಕ್ಯಾಬಿನೊಳಗೆ ಕೂತು ಮೀಟಿಂಗ್ ಮಾಡುವವರು ಕಿವಿಗೆ ಮಾತ್ರ ಕೆಲಸ ಕೊಡಲಿ. ಫೋನ್ ನೋಡಲೇಬೇಕಾದರೆ ಚೀಲವನ್ನು ತೊಡೆಯ ಮೇಲಿಟ್ಟು, ಅದರ ಮೇಲೆ ಮೊಣಕೈ ಊರಿ, ಫೋನನ್ನು ಎದೆಗಿಂತ ಮೇಲಕ್ಕೆ ಹಿಡಿಯಲಿ. ಸ್ವಂತ ಕಾರು ಓಡಿಸುವವರು ಕ್ಲಚ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಮಡಿಸಿಯೇ ಇರುವಂತೆ ಸೀಟನ್ನು ಸರಿಸಿಕೊಳ್ಳಬೇಕು. ಬೆನ್ನು ಒರಗಿಸಿಕೊಂಡೇ ಕೈ ಚಾಚಿದಾಗ ಮಣಿಕಟ್ಟು ಸ್ಟೇರಿಂಗಿನ ಮೇಲ್ತುದಿಗೆ ತಾಗಬೇಕು. ತಲೆಯೊರಗಿನ ಮೇಲಂಚು ನೆತ್ತಿಯ ಮಟ್ಟದಲ್ಲಿರಬೇಕು. ಎರಡು ಗಂಟೆಗೊಮ್ಮೆ ನಿಲ್ಲಿಸಿ ಇಳಿಯಿರಿ. ಆದರೆ ಇಳಿದ ಕೂಡಲೇ ಡಿಕ್ಕಿಯಿಂದ ಭಾರದ ಪೆಟ್ಟಿಗೆಯನ್ನು ಬಗ್ಗಿ ಎತ್ತಬೇಡಿ, ಬಹಳ ಹೊತ್ತು ಕುಳಿತ ಬೆನ್ನು ಸಡಿಲವಾಗಲು ಒಂದೆರಡು ನಿಮಿಷದ ನಡಿಗೆ ಬೇಕು.

ವಿಮಾನದಲ್ಲಿ

ದೇಶದೊಳಗಿನ ಹಾರಾಟ ಒಂದೆರಡು ಗಂಟೆಯದಾದರೂ ಬೆಂಗಳೂರಿನ ಮನೆಯಿಂದ ದೇವನಹಳ್ಳಿಯ ನಿಲ್ದಾಣಕ್ಕೆ ಹೋಗುವ ಹೊತ್ತು, ಅಲ್ಲಿ ಕಾಯುವ ಹೊತ್ತು ಸೇರಿ ಕೂರುವುದು ಐದಾರು ಗಂಟೆಯಾಗುತ್ತದೆ. ನಿಲ್ದಾಣದಲ್ಲಿ ಕುರ್ಚಿ ಹುಡುಕದೆ ನಡೆಯಿರಿ. ಮುಂದಿನವರು ಸೀಟು ಒರಗಿಸಿದರೆ ಲ್ಯಾಪ್‌ಟಾಪ್‌ನ ಪರದೆ ಸಿಕ್ಕಿಹಾಕಿಕೊಳ್ಳಬಹುದು, ಆದ್ದರಿಂದ ಅಲ್ಲಿ ಓದುವುದಕ್ಕೆ ಟ್ಯಾಬ್ಲೆಟ್ಟೋ ಕಾಗದವೋ ಮೇಲು.

ಮಗಳ ಮನೆಗೆಂದು ಅಮೆರಿಕಕ್ಕೆ ಹೋಗುವ ಹಿರಿಯರು ತಿಳಿಯಲೇಬೇಕಾದ ಸಂಗತಿಯೊಂದಿದೆ. ನಾಲ್ಕು ಗಂಟೆ ಅಥವಾ ಹೆಚ್ಚಿನ ಪ್ರಯಾಣದಲ್ಲಿ ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿ ಹೇಳಿದೆ. ಅದು ವಿಮಾನಕ್ಕಷ್ಟೇ ಅಲ್ಲ, ಕದಲದೆ ಕೂರುವ ಬಸ್ಸು, ಕಾರು, ರೈಲಿಗೂ ಅನ್ವಯಿಸುತ್ತದೆ. ಆರೋಗ್ಯವಂತರಲ್ಲಿ ಇದು ಸುಮಾರು 6,000 ಜನರಲ್ಲಿ ಒಬ್ಬರಿಗೆ ಬರುವಷ್ಟು ಅಪರೂಪ, ಹೆದರಬೇಕಾಗಿಲ್ಲ. ಆದರೆ ಹಿಂದೆ ಹೀಗಾಗಿದ್ದವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಗರ್ಭಿಣಿಯರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಹೊರಡುವ ಮೊದಲು ವೈದ್ಯರ ಸಲಹೆ ಪಡೆಯಬೇಕು. ಉಳಿದವರು ಗಂಟೆಗೊಮ್ಮೆ ಹಿಮ್ಮಡಿ ಊರಿ ಬೆರಳುಗಳನ್ನು ಎತ್ತುವುದು, ಬೆರಳೂರಿ ಹಿಮ್ಮಡಿ ಎತ್ತುವುದು, ಹೀಗೆ ಇಪ್ಪತ್ತು ಮೂವತ್ತು ಸಲ ಮಾಡಲಿ. ಮೀನಖಂಡದ ಸ್ನಾಯು ಹೀಗೆ ಹಿಂಡಿದಾಗಲೇ ಕಾಲಿನ ರಕ್ತ ಮೇಲಕ್ಕೇರುತ್ತದೆ. ಕಾಲಡಿಯಲ್ಲಿ ಚೀಲ ತುಂಬಿಕೊಂಡರೆ ಇದಕ್ಕೆ ಜಾಗವೇ ಇರುವುದಿಲ್ಲ, ಅದನ್ನು ಮೇಲಿನ ಗೂಡಿನಲ್ಲಿಡಿ.

ತಲುಪಿದ ಮೇಲೆ, ಮತ್ತು ವೈದ್ಯರ ಬಳಿಗೆ ಹೋಗಬೇಕಾದಾಗ

ರಾತ್ರಿಯಿಡೀ ಪ್ರಯಾಣ ಮಾಡಿ ಬೆಳಿಗ್ಗೆ ಒಂಬತ್ತಕ್ಕೆ ಕೆಲಸಕ್ಕೆ ಕೂರುವವರು ಮೊದಲ ಅರ್ಧ ಗಂಟೆಯನ್ನು ಮೈಗೆ ಕೊಡಬೇಕು: ಬಿಸಿನೀರಿನ ಸ್ನಾನ, ಸ್ವಲ್ಪ ನಡಿಗೆ, ಅಂಗಾತ ಮಲಗಿ ಮಂಡಿಗಳನ್ನು ಒಂದೊಂದಾಗಿ ಎದೆಗೆ ತಂದುಕೊಳ್ಳುವುದು, ಗೋಡೆಗೆ ಬೆನ್ನು ತಾಗಿಸಿ ನಿಂತು ಗದ್ದವನ್ನು ಒಳಕ್ಕೆಳೆದು ತಲೆಯ ಹಿಂಭಾಗವನ್ನು ಗೋಡೆಗೆ ಹತ್ತು ಸಲ ಮೆಲ್ಲಗೆ ಒತ್ತುವುದು. ಆ ದಿನದ ಬೆರಳಿನ ಕೆಲಸವನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ.

ಸಾಮಾನ್ಯ ಹಿಡಿತ ಒಂದೆರಡು ವಾರದಲ್ಲಿ ಇಳಿಯುತ್ತಾ ಹೋಗುತ್ತದೆ. ಕುತ್ತಿಗೆಯನ್ನು ಲಟಕ್ಕೆಂದು ತಿರುಗಿಸಿ ನೆಟ್ಟಗೆ ಮಾಡಿಸಿಕೊಳ್ಳುವುದು ಬೇಡ. ಕ್ಷೌರದಂಗಡಿಯಲ್ಲಿ ಪ್ರೀತಿಯಿಂದ ಮಾಡಿದರೂ ಅದರಿಂದ ಕುತ್ತಿಗೆಯ ರಕ್ತನಾಳಕ್ಕೆ ಪೆಟ್ಟಾಗುವ ಸಂಭವವಿದೆ. ನೋವು ತೋಳಿಗೋ ಕಾಲಿಗೋ ಇಳಿದು ಜೋಮು ನಿಲ್ಲದಿದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವಂತಿದ್ದರೆ, ಜ್ವರವಿದ್ದರೆ ಅಥವಾ ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ವೈದ್ಯರಿಗೆ ತೋರಿಸಿ. ಪ್ರಯಾಣದ ನಂತರ ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋಯುತ್ತಿದ್ದರೆ, ಅದರ ಜೊತೆ ಉಸಿರಾಟಕ್ಕೆ ಕಷ್ಟವಾದರೆ ಅಥವಾ ಎದೆ ನೋಯತೊಡಗಿದರೆ, ತಡಮಾಡದೆ ಆಸ್ಪತ್ರೆಗೆ ಹೋಗಿ. ಸೊಂಟನೋವಿನೊಂದಿಗೆ ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಿರುವುದು, ಮೂತ್ರದ ಮೇಲೆ ಹಿಡಿತ ತಪ್ಪುವುದು ಅಥವಾ ಮೂತ್ರ ಕಟ್ಟುವುದು, ಪಾದ ಎತ್ತಲಾಗದಿರುವುದು ಕಂಡುಬಂದರೆ ಅಂದೇ ತುರ್ತು ವಿಭಾಗಕ್ಕೆ ಹೋಗಬೇಕು, ಏಕೆಂದರೆ ನರಗಳ ಮೇಲಿನ ಆ ಒತ್ತಡವನ್ನು ಬೇಗನೆ ತೆಗೆಯದಿದ್ದರೆ ದೌರ್ಬಲ್ಯ ಶಾಶ್ವತವಾಗಿ ಉಳಿದುಬಿಡಬಹುದು.